ಮೊದಲು ಓದಿಕೊಳ್ಳುವ ಫೈಲು

ಎಂ.ಸಿ.ಸಿ. ‘ಬಿ’ ಬ್ಲಾಕ್, ದಾವಣಗೆರೆ
12 ಜೂನ್ 2025

ಅಪ್ಪಾಜಿ,

ಲ್ಯಾಬಿನ ಕಂಪ್ಯೂಟರಿನಲ್ಲಿ ನನ್ನ ಪ್ರೋಗ್ರಾಮು ಇವತ್ತಿನಿಂದ ಕಪ್ಪು ಹಿನ್ನೆಲೆಯಲ್ಲಿ ತೆರೆದುಕೊಳ್ಳುತ್ತದೆ. ಇದನ್ನು ಹೇಳಿದವನು ಲ್ಯಾಬಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಅಮ್ಜದ್. ನಾನು ಆಗ ಕಣ್ಣುರಿಗೆ ಡ್ರಾಪ್ಸ್ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದೆ.

ಪತ್ರಿಕೆಯ ಡೆಸ್ಕಿನಲ್ಲಿ ನೀವು ಹುಡುಗರಿಗೆ ಕಲಿಸುತ್ತಿದ್ದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ. ಮೊದಲು ಸುದ್ದಿ, ಆಮೇಲೆ ಹೇಳಿದವರು ಯಾರು, ಕೊನೆಗೆ ಮುಂದೇನು. ಫೋನಿನಲ್ಲಿ ಮಾತಾಡಿದರೆ ಅಮ್ಮ ಸ್ಪೀಕರ್ ಹಾಕಿಸುತ್ತಾಳೆ. ಅಮ್ಜದ್ ದಿನಾ ಹರಿಹರದಿಂದಲೇ ಲ್ಯಾಬಿಗೆ ಬರುವವನು, ಪತ್ರ ಅವನ ಕೈಯಲ್ಲಿ ಬರುತ್ತದೆ. ಒಂದು ಬಸ್ಸಿನ ದೂರಕ್ಕೆ ಪತ್ರ ಬರೆಯುವವರು ನಾವಿಬ್ಬರೇ ಇರಬೇಕು.

ವೈದ್ಯರು ಹೇಳಿದ್ದನ್ನು ಬರಹದಲ್ಲಿ ಕೊಡು ಎಂದಿದ್ದಿರಿ. ಎರಡೂ ಕಣ್ಣಿನ ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತಿದೆ. ಹುಟ್ಟಿನಿಂದ ಬಂದದ್ದು. ಮಸುಕು ಬೆಳಕಿನಲ್ಲಿ ಮೊದಲು ಹೋಗುತ್ತದೆ, ಹಗಲಿನಲ್ಲಿ ನಿಧಾನವಾಗಿ ಹೋಗುತ್ತದೆ. ನಡುವೆ ಒಂದು ಕಿಂಡಿ ಉಳಿಯುತ್ತದೆ, ಅದು ಎಷ್ಟು ವರ್ಷ ಉಳಿಯುತ್ತದೆಂದು ಅವರು ಹೇಳಲಿಲ್ಲ. ಔಷಧ ಇಲ್ಲ. ಕಂಬಕ್ಕೆ ಸ್ಕೂಟಿ ಗುದ್ದಿದ್ದು, ಅಮ್ಮನ ಕೈಯ ತಟ್ಟೆ ಬೀಳಿಸಿದ್ದು, ಎಲ್ಲ ಇದರಿಂದ.

ನನ್ನ ಪಿಎಚ್‌.ಡಿ. ಕೆಲಸ ನಿಮಗೆ ಗೊತ್ತಿರುವುದೇ. ಸೇತುವೆಯ ಕಂಬದ ಸುತ್ತ ಹೊಳೆಯ ನೀರು ಹೇಗೆ ಸುತ್ತುತ್ತದೆಂದು ಲೆಕ್ಕ ಹಾಕುವುದು. ಲೆಕ್ಕದಿಂದ ಬರುವುದು ಬರೀ ಅಂಕಿ. ಅಂಕಿಯನ್ನು ಬಣ್ಣದ ಚಿತ್ರ ಮಾಡಿ ತೋರಿಸುವುದು ಈ ಪ್ರೋಗ್ರಾಮು. ಅದು ಪ್ರತಿ ಸಲ ಬೆಳ್ಳನೆಯ ಹಿನ್ನೆಲೆಯಲ್ಲಿ, ಕೂದಲೆಳೆಯಂಥ ಗೆರೆಗಳಲ್ಲಿ ತೆರೆದುಕೊಳ್ಳುತ್ತಿತ್ತು. ಬಿಳುಪು ನನ್ನ ಕಣ್ಣಿಗೆ ಚುಚ್ಚುತ್ತದೆ. ಪ್ರತಿ ಸಲ ಕೈಯಿಂದ ಬದಲಿಸುವುದರಲ್ಲೇ ಬೆಳಗಿನ ಹೊತ್ತು ಹೋಗುತ್ತಿತ್ತು.

ಅದಕ್ಕೊಂದು ದಾರಿ ಇದೆ. ಪ್ರೋಗ್ರಾಮು ತೆರೆಯುವ ಮೊದಲು ಒಂದು ಸಣ್ಣ ಫೈಲನ್ನು ಹುಡುಕಿ ಓದಿಕೊಳ್ಳುತ್ತದೆ. ಸ್ಟಾರ್ಟ್‌ಅಪ್ ಫೈಲ್ ಅನ್ನುತ್ತಾರೆ. ಹಿನ್ನೆಲೆ ಯಾವ ಬಣ್ಣ, ಗೆರೆ ಎಷ್ಟು ದಪ್ಪ, ಕಿಟಕಿ ಎಷ್ಟು ಅಗಲ, ಒಂದು ಸಾಲಿಗೆ ಒಂದು ಅಪ್ಪಣೆ. ಆಫೀಸಿಗೆ ಮೊದಲು ಬಂದವರು ಬಾಗಿಲು ತೆಗೆದು, ಕಸ ಗುಡಿಸಿ, ಸಾಹೇಬರ ಕುರ್ಚಿ ಸರಿ ಮಾಡಿಟ್ಟ ಹಾಗೆ. ಸದ್ಯಕ್ಕೆ ನನ್ನ ಫೈಲಿನಲ್ಲಿ ಒಂದೇ ಸಾಲಿದೆ.

ಮುಂದೆ: ಹುಬ್ಬಳ್ಳಿಯಲ್ಲಿ ಇನ್ನೊಬ್ಬ ವೈದ್ಯರನ್ನು ಕಾಣುತ್ತೇನೆ. ಆಮೇಲೆ ಅಮ್ಮನಿಗೂ ತಂಗಿ ತನುಶ್ರೀಗೂ ಹೇಳೋಣ.

ಸ್ನೇಹಾ

*

ಹರಿಹರ
19 ಜೂನ್ 2025

ಸ್ನೇಹಾ,

ತನುಶ್ರೀಯನ್ನು ಸಂತೋಷನಿಗೆ ಕೊಡುವ ಮಾತು ನಡೆದಿದೆ. ಮಾತು ತೆಗೆದವನು ಹುಡುಗನ ತಂದೆ, ನಿನ್ನ ಸೋದರಮಾವ ಕೊಟ್ಟೂರೇಶ. ಭಾನುವಾರ ಪಂಪ್‌ಸೆಟ್ ಅಂಗಡಿ ಮುಚ್ಚಿ ದಾವಣಗೆರೆಯಿಂದ ಗಂಡ ಹೆಂಡತಿ ಇಬ್ಬರೂ ಬಂದಿದ್ದರು.

“ಹೊರಗ ಯಾಕ ಹುಡುಕ್ತೀರಿ ಮಾವ? ನಮ್ಮನಿ ಕೂಸು, ನಮ್ಮನಿಗೇ ಬರ್ಲಿ” ಅಂದ.

ನಿಮ್ಮಮ್ಮ ತಮ್ಮನ ಮಾತಿಗೆ ಕರಗಿ ಹೋದಳು. ಆದರೂ ಬಿಡಲಿಲ್ಲ. “ಮೊದ್ಲು ನಿನ್ನ ಮಗನ್ನ ಕೇಳಪ್ಪ. ನಮ್ಮ ತನು ಒಂದು ಚಾ ಮಾಡಿದ್ರ ಮೂರು ಪಾತ್ರಿ ಹೊಲಸು ಮಾಡ್ತಾಳ” ಅಂದಳು. ಎಲ್ಲರೂ ನಕ್ಕರು. ತನುಶ್ರೀ ಒಳಗಿನಿಂದಲೇ “ಅವನೇ ಮಾಡ್ಲಿ ಬಿಡ್ರಿ ಚಾ” ಅಂದಳು. ಹುಡುಗಿಗೆ ಒಪ್ಪಿಗೆ ಇದೆ ಅಂತ ಅಲ್ಲಿಗೆ ಎಲ್ಲರಿಗೂ ತಿಳಿಯಿತು. ದೀಪಾವಳಿ ಕಳೆದ ಮೇಲೆ ಒಪ್ಪಿಗೆ ಶಾಸ್ತ್ರ, ಮಾಘದಲ್ಲಿ ಮದುವೆ ಎಂದು ಮಾತಾಗಿದೆ.

ಇಂಥ ಹೊತ್ತಿನಲ್ಲಿ ನಿನ್ನ ಕಣ್ಣಿನ ವಿಷಯ ಹೊರಗೆ ಬರುವುದು ಬೇಡ. ಒಬ್ಬ ವೈದ್ಯರು ಹೇಳಿದ್ದಾರೆ, ಅಷ್ಟೇ. ಒಂದೇ ಮೂಲದಿಂದ ಬಂದ ಸುದ್ದಿಯನ್ನು ನಾನು ಯಾವತ್ತೂ ಅಚ್ಚಿಗೆ ಕಳಿಸಿದವನಲ್ಲ. ಎರಡನೆಯವರೂ ಹೇಳಲಿ, ನೋಡೋಣ.

ಇನ್ನೊಂದು ಮಾತು. ಕೆಲವು ತಿಂಗಳು ಮನೆಗೆ ಬರುವುದನ್ನು ಕಡಿಮೆ ಮಾಡು. ನೀನು ತಟ್ಟೆ ಬೀಳಿಸಿದ ದಿನ ಕೊಟ್ಟೂರೇಶ ಎದುರಿಗೇ ಇದ್ದ. “ಸ್ನೇಹಾಗ ಕಣ್ಣು ಸರಿ ಕಾಣ್ತಾವೇನ್ ಮಾವ?” ಎಂದು ಆಮೇಲೆ ನನ್ನನ್ನು ಕೇಳಿದ. ಓದಿ ಓದಿ ಹಾಗಾಗಿದೆ ಎಂದೆ. ಪಿಎಚ್‌.ಡಿ. ಕೆಲಸ ಜಾಸ್ತಿ ಇದೆ ಅಂತ ನಿಮ್ಮಮ್ಮನಿಗೆ ಹೇಳಿದ್ದೇನೆ.

ನಿನಗೆ ಓದಲು ಅನುಕೂಲವಾಗಲಿ ಎಂದು ತಲೆಬರಹದ ಅಳತೆಯ ಅಕ್ಷರದಲ್ಲಿ ಬರೆದಿದ್ದೇನೆ. ಹಾಳೆಗಳು ಹೆಚ್ಚಾಗಿವೆ, ಜೋಡಿಸಿಕೊಂಡು ಓದು.

ನಿನ್ನ ಅಪ್ಪಾಜಿ

*

ದಾವಣಗೆರೆ
9 ಜುಲೈ 2025

ಅಪ್ಪಾಜಿ,

ಎರಡನೆಯ ವೈದ್ಯರೂ ಅದನ್ನೇ ಹೇಳಿದ್ದಾರೆ. ಹುಬ್ಬಳ್ಳಿಯ ವೈದ್ಯೆ ನಿನ್ನೆ ಎಲ್ಲ ಪರೀಕ್ಷೆ ಮಾಡಿದ ಮೇಲೆ ನನ್ನೆದುರಿಗೇ ಹೇಳಿದರು.

ಮೊದಲು ಒಂದು ತಿದ್ದುಪಡಿ. ದೊಡ್ಡ ಅಕ್ಷರ ಬೇಡ ಅಪ್ಪಾಜಿ. ನನ್ನ ಕಿಂಡಿಯಲ್ಲಿ ದೊಡ್ಡದು ಹಿಡಿಸುವುದಿಲ್ಲ. ‘ತ’ ಕಂಡರೆ ‘ನು’ ಕಾಣದು. ಸಣ್ಣದಾಗಿ, ಕಪ್ಪಗೆ ಬರೆಯಿರಿ. ನಿಮ್ಮ ಹೋದ ಪತ್ರವನ್ನು ಅಮ್ಜದ್‌ನಿಂದ ಓದಿಸಬಾರದೆಂದು ನಾನೇ ಒಂದೊಂದು ಅಕ್ಷರ ಹುಡುಕಿಕೊಂಡು ಓದಿದೆ.

ವೈದ್ಯೆ ಒಂದು ಹಾಳೆಯಲ್ಲಿ ನಮ್ಮ ಮನೆತನವನ್ನು ಬರೆದುಕೊಂಡರು. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ.

“ನಿಮ್ಮ ತಂದೆ ನಿಮ್ಮ ತಾಯಿಗೆ ಮದುವೆಗೆ ಮುಂಚೆ ಏನಾಗ್ಬೇಕಿತ್ತು?”

“ಸೋದರಮಾವ. ಅಮ್ಮ ನಮ್ಮಪ್ಪನ ಅಕ್ಕನ ಮಗಳು.”

ನಿಮ್ಮಿಬ್ಬರ ನಡುವೆ ಅವರು ಒಂದರ ಬದಲು ಎರಡು ಗೆರೆ ಎಳೆದರು. ರಕ್ತಸಂಬಂಧಕ್ಕೆ ಎರಡು ಗೆರೆಯಂತೆ. ಅಜ್ಜ ಅಜ್ಜಿಯರದು ಹೇಗೆ ಎಂದರು. ಅವರದೂ ಸಂಬಂಧವೇ ಎಂದೆ. ಅಲ್ಲಿಯೂ ಎರಡು. “ತಂಗಿಗೆ ಮದುವೆ ಆಗಿದೆಯೇ?” ಎಂದರು. ಸೋದರಮಾವನ ಮಗನ ಜೊತೆ ಮಾತಾಗಿದೆ ಎಂದಾಗ ಪೆನ್ನು ಕೆಳಗಿಟ್ಟರು.

ಅವರು ಹೇಳಿದ್ದು ಇಷ್ಟು. ಈ ದೋಷ ಒಂದೇ ಕಡೆಯಿಂದ ಬಂದರೆ ಏನೂ ಆಗುವುದಿಲ್ಲ, ನಿಮಗೂ ಅಮ್ಮನಿಗೂ ಆಗಿಲ್ಲ. ಎರಡೂ ಕಡೆಯಿಂದ ಬಂದರೆ ಕಣ್ಣು ಹೋಗುತ್ತದೆ. ಮನೆತನದೊಳಗೇ ಕೊಟ್ಟು ತಂದರೆ ಎರಡೂ ಕಡೆಯಿಂದ ಬರುವುದು ಸುಲಭ. ತನುಶ್ರೀಯ ಕಣ್ಣು ತಪಾಸಣೆ ಆಗಬೇಕು. ನನ್ನ ರಕ್ತ ಕೊಟ್ಟು ಬಂದಿದ್ದೇನೆ. ದೋಷ ಯಾವುದೆಂದು ಅದರಲ್ಲಿ ಗೊತ್ತಾದರೆ, ಸಂತೋಷನ ರಕ್ತದಲ್ಲಿ ಅದು ಇದೆಯೋ ಇಲ್ಲವೋ ನೋಡಬಹುದು. ಇಲ್ಲವಾದರೆ ಹುಟ್ಟುವ ಮಕ್ಕಳಿಗೆ ಭಯವಿಲ್ಲ. ಇದ್ದರೆ ಮದುವೆ ಬೇಡ ಎಂದು ಅವರು ಹೇಳಲಿಲ್ಲ. ಮದುವೆಗೆ ಮುಂಚೆ ಗೊತ್ತಿರಲಿ ಎಂದರು.

ನಾನು ಕೇಳುವುದು ಅದೊಂದೇ. ಒಪ್ಪಿಗೆಗೆ ಮುಂಚೆ ಸಂತೋಷನ ರಕ್ತ ಪರೀಕ್ಷೆ ಆಗಲಿ. ನಿಮಗೆ ಬೇಕಾಗಿದ್ದ ಎರಡನೆಯ ಮೂಲ ಸಿಕ್ಕಿದೆ.

ಫೈಲಿಗೆ ಸಾಲುಗಳು ಸೇರಿವೆ. ಚಿತ್ರದ ಕಿಟಕಿ ಈಗ ಪರದೆಯ ತುಂಬ ತೆರೆಯುವುದಿಲ್ಲ, ನಟ್ಟನಡುವೆ ಅಂಗೈಯಷ್ಟು ಅಗಲ ತೆರೆಯುತ್ತದೆ. ಯಾವ ಬಣ್ಣ ಎಷ್ಟು ವೇಗವೆಂದು ಹೇಳುವ ಪಟ್ಟಿಯೊಂದು ಬಲ ಅಂಚಿನಲ್ಲಿರುತ್ತಿತ್ತು. ಅದನ್ನು ಚಿತ್ರದ ಕೆಳಗೇ ತಂದೆ. ಅಂಚಿನಲ್ಲಿರುವುದು ನನಗೆ ಇಲ್ಲ. ಕಾಮನಬಿಲ್ಲಿನ ಬಣ್ಣ ತೆಗೆದು ಕೆಂಡದ ಬಣ್ಣ ಹಾಕಿದೆ: ಕಪ್ಪು, ಕೆಂಪು, ಹಳದಿ, ಬಿಳಿ. ನಮ್ಮ ತುಂಗಭದ್ರೆ ಈಗ ಕುಲುಮೆಯ ಹಾಗೆ ಉರಿಯುತ್ತದೆ.

ಮುಂದೆ: ನೀವು ಹೇಳಬೇಕು.

ಸ್ನೇಹಾ

*

ಹರಿಹರ
3 ಆಗಸ್ಟ್ 2025

ಸ್ನೇಹಾ,

ತನುಶ್ರೀಗೆ ಎಂ.ಟೆಕ್. ಪ್ರಾಜೆಕ್ಟಿಗೆ ನಿನ್ನ ಲ್ಯಾಬೇ ಸಿಕ್ಕಿದೆ. ಅವಳೇ ಇವತ್ತು ಊಟಕ್ಕೆ ಕೂತಾಗ ಹೇಳಿದಳು. ಬರುವ ವಾರದಿಂದ ಹರಿಹರದ ಬಸ್ಸಿಗೆ ಓಡಾಡುತ್ತಾಳೆ. ಅವಳೆದುರಿಗೆ ಹುಷಾರಾಗಿರು.

ನಿನ್ನ ಪತ್ರವನ್ನು ಹಲವು ಸಲ ಓದಿದೆ. ನಡುವೆ ಉತ್ತರ ಬರೆಯಲು ಕೂತೆ, ಬರೆದದ್ದು ಸರಿಯೆನಿಸಲಿಲ್ಲ.

ಕೊಕ್ಕನೂರಿನಲ್ಲಿ ನಮ್ಮ ಅಜ್ಜನ ತಮ್ಮನೊಬ್ಬನಿದ್ದ. ಹಗ್ಗದಜ್ಜ ಎಂದು ಕರೆಯುತ್ತಿದ್ದೆವು. ಪಡಸಾಲೆಯ ಕಂಬದಿಂದ ದನದ ಕೊಟ್ಟಿಗೆಯವರೆಗೆ ಅವನೊಂದು ಹಗ್ಗ ಕಟ್ಟಿಸಿದ್ದ. ಹೊತ್ತು ಮುಳುಗಿದ ಮೇಲೆ ಅದನ್ನು ಹಿಡಿದುಕೊಂಡು ಓಡಾಡುತ್ತಿದ್ದ. ನಾವು ಹುಡುಗರು ಹಗ್ಗವನ್ನು ಬೇರೆ ಕಂಬಕ್ಕೆ ಕಟ್ಟಿ ತಮಾಷೆ ನೋಡುತ್ತಿದ್ದೆವು. ಸೊಪ್ಪು ತಿನ್ನದೆ ಇರುಳುಗಣ್ಣಾಗಿದೆ ಎಂದು ಮನೆಯಲ್ಲಿ ಹೇಳುತ್ತಿದ್ದರು. ನಿನ್ನ ವೈದ್ಯೆಯ ಹಾಳೆಯಲ್ಲಿ ಅವನ ಚೌಕ ಇದೆಯೋ ಇಲ್ಲವೋ ತಿಳಿಯದು. ಬೇಕಿದ್ದರೆ ಸೇರಿಸಲಿ.

ಆದರೆ ಹೀಗೂ ಯೋಚಿಸು. ವಿಷಯ ಹೊರಬಿದ್ದರೆ ತನುಶ್ರೀಯನ್ನು ಹೊರಗಿನವರು ಯಾರು ಮಾಡಿಕೊಳ್ಳುತ್ತಾರೆ? ಅಕ್ಕನ ಕಣ್ಣು ಹೀಗೆ, ಮನೆತನದಲ್ಲೇ ಇದೆ ಎಂದ ಕೂಡಲೇ ಎಲ್ಲರೂ ಹಿಂದೆ ಸರಿಯುತ್ತಾರೆ. ಏನೂ ಕೇಳದೆ ಮಾಡಿಕೊಳ್ಳುವವರು ಕೊಟ್ಟೂರೇಶನ ಮನೆಯವರು ಮಾತ್ರ. ಅವರಿಗೂ ಹೇಳಿಬಿಟ್ಟರೆ ಆ ಬಾಗಿಲೂ ಮುಚ್ಚುತ್ತದೆ. ನಿನಗಂತೂ ಆಯಿತು. ಅವಳದಾದರೂ ಆಗಲಿ.

ಕೊನೆಯ ಎರಡು ವಾಕ್ಯ ಹೊಡೆದುಹಾಕಬೇಕೆಂದುಕೊಂಡೆ. ಹೊಡೆದುಹಾಕಿದರೂ ನೀನು ಓದುತ್ತೀಯ. ಇರಲಿ ಬಿಡು.

ಅಪ್ಪಾಜಿ

*

ದಾವಣಗೆರೆ
29 ಆಗಸ್ಟ್ 2025

ಅಪ್ಪಾಜಿ,

ನನ್ನ ರಕ್ತದ ವರದಿ ಬಂದಿದೆ, ದೋಷ ಯಾವುದೆಂದು ಗೊತ್ತಾಗಿದೆ. ಹುಬ್ಬಳ್ಳಿಯ ವೈದ್ಯೆಯೇ ಫೋನ್ ಮಾಡಿ ಹೇಳಿದರು. ಇನ್ನು ಸಂತೋಷನ ರಕ್ತ ಒಂದೇ ಬಾಕಿ.

ಲ್ಯಾಬಿನಲ್ಲಿ ನನ್ನ ಫೈಲು ಗಲಾಟೆ ಎಬ್ಬಿಸಿದೆ. ಅದು ನಾನು ಯೋಚಿಸದೆ ಮಾಡಿದ ಕೆಲಸ. ಅದರ ನಿಯಮ ಒಬ್ಬರ ಖಾತೆಗೆ ಒಂದು ಫೈಲು. ನಮ್ಮ ಲ್ಯಾಬಿನಲ್ಲಿ ಮೊದಲಿಂದಲೂ ಎಲ್ಲರಿಗೂ ಒಂದೇ ಖಾತೆ, ಒಂದೇ ಪಾಸ್‌ವರ್ಡ್. ಪಾಸ್‌ವರ್ಡ್ ಗೋಡೆಗೇ ಅಂಟಿಸಿದೆ. ಹಾಗಾಗಿ ಈ ತಿಂಗಳು ಹೊಸ ಹುಡುಗರು ಬಂದು ಪ್ರೋಗ್ರಾಮು ತೆರೆದಾಗ, ಅವರಿಗೂ ನನ್ನ ಕಣ್ಣಿನ ಅಳತೆಯ ಕಿಟಕಿಯೇ ತೆರೆದುಕೊಂಡಿತು.

“ಯಾವ ಅಜ್ಜಿ ಸೆಟ್ ಮಾಡ್ಯಾಳ್ರಿ ಇದನ್ನ? ಪಾಸ್‌ಪೋರ್ಟ್ ಫೋಟೋ ಅಳತೀಗೆ ಬಂದೈತೆ ಹೊಳೆ!” ಎಂದು ಮಂಜುನಾಥ ಅನ್ನುವ ಹುಡುಗ ಕೂಗಿದ.

ಅಮ್ಜದ್ ತಲೆ ಎತ್ತಲಿಲ್ಲ. “ನಿನ್ನ ಪ್ರಾಜೆಕ್ಟಿಗೆ ಪಾಸ್‌ಪೋರ್ಟ್ ಅಳತಿ ಸಾಕು. ಮೊದ್ಲು ಲೆಕ್ಕ ಸರಿ ಮಾಡು, ಆಮ್ಯಾಲೆ ಫ್ಲೆಕ್ಸ್ ಹೊಡ್ಸೋಣಂತೆ.”

“ಅಲ್ರೀ ಅಣ್ಣ, ಬಣ್ಣ ನೋಡ್ರಿ. ಹೊಳಿಗೆ ಬೆಂಕಿ ಬಿದ್ದಂಗೈತೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ತನುಶ್ರೀ ಎರಡು ಕುರ್ಚಿ ಆಚೆ ಕೂತಿದ್ದಳು. ನಕ್ಕಳೋ ಇಲ್ಲವೋ ನನಗೆ ಕಾಣಲಿಲ್ಲ, ಅವಳು ನನ್ನ ಅಂಚಿನಲ್ಲಿದ್ದಳು. ಅಳತೆ ಇಟ್ಟದ್ದು ಯಾರೆಂದು ಅಮ್ಜದ್ ಹೇಳಲಿಲ್ಲ. ನಾನೂ ಹೇಳಲಿಲ್ಲ. ಮನೆಯಲ್ಲಿ ಹೇಳಬೇಡ ಎಂದ ಮೇಲೆ ಲ್ಯಾಬಿನಲ್ಲಿ ಹೇಳುವುದು ಹೇಗೆ?

ಅವಳು ದಿನಾ ನನ್ನ ಜೊತೆ ಡಬ್ಬಿ ಬಿಚ್ಚುತ್ತಾಳೆ. ಅಮ್ಮ ನನಗೂ ಸೇರಿಸಿ ರೊಟ್ಟಿ ಕಟ್ಟುತ್ತಾಳೆ. “ಅಕ್ಕಾ, ಮನಿಗ್ಯಾಕ ಬರವಲ್ಲಿ? ಸಂತೋಷನ ಮ್ಯಾಲೆ ಹೊಟ್ಟಿಕಿಚ್ಚೇನು?” ಎಂದು ಮೊನ್ನೆ ಕೇಳಿದಳು. ಹೌದು ಎಂದೆ. ಮತ್ತೇನು ಹೇಳಲಿ?

ಮುಂದೆ: ನೀವು ಕೊಟ್ಟೂರೇಶ ಮಾವನಿಗೆ ಹೇಳಬೇಕು. ನೀವು ಹೇಳದಿದ್ದರೆ ನಾನು ಹೇಳುತ್ತೇನೆ.

ಸ್ನೇಹಾ

*

ದಾವಣಗೆರೆ
15 ಸೆಪ್ಟೆಂಬರ್ 2025

ಅಪ್ಪಾಜಿ,

ತನುಶ್ರೀಗೂ ಅದೇ ಆಗಿದೆ. ಹೇಳಿದವರು ವೈದ್ಯರಲ್ಲ, ಅವಳೇ. ತಾನು ಹೇಳುತ್ತಿರುವುದು ಅದನ್ನೇ ಎಂದು ಅವಳಿಗೆ ಗೊತ್ತಿರಲಿಲ್ಲ.

ನೀವು ಉತ್ತರ ಬರೆದಿಲ್ಲ. ಬರೆಯುತ್ತೀರಿ ಎಂದು ಕಾಯುತ್ತ ಇದ್ದೆ. ಈಗ ಕಾಯುವಂತಿಲ್ಲ.

ಹೋದ ವಾರ ಮಂಜುನಾಥ ನನ್ನ ಫೈಲನ್ನು ಹುಡುಕಿ ತೆಗೆದುಹಾಕಿದ. ಆ ಫೈಲಿನ ಹೆಸರು ಚುಕ್ಕೆಯಿಂದ ಶುರುವಾಗುತ್ತದೆ, ಸಾಮಾನ್ಯವಾಗಿ ನೋಡಿದರೆ ಪಟ್ಟಿಯಲ್ಲಿ ಕಾಣುವುದಿಲ್ಲ. ಹುಡುಗ ಚುರುಕು, ಕಂಡುಹಿಡಿದ. ಪ್ರೋಗ್ರಾಮು ಮತ್ತೆ ಬೆಳ್ಳಗೆ, ಪರದೆಯ ತುಂಬ ತೆರೆದುಕೊಂಡಿತು. ಹುಡುಗರು ಚಪ್ಪಾಳೆ ಹೊಡೆದರು. ಸಂಜೆ ಎಲ್ಲರೂ ಹೋದ ಮೇಲೆ ಅಮ್ಜದ್‌ಗೆ ಹೇಳಿ ನನ್ನ ಹೆಸರಿನಲ್ಲಿ ಬೇರೆ ಖಾತೆ ಮಾಡಿಸಿಕೊಳ್ಳಬೇಕೆಂದಿದ್ದೆ.

ಅದಕ್ಕೂ ಮೊದಲೇ ಇನ್ನೊಬ್ಬರು ಅವನ ಹತ್ತಿರ ಹೋಗಿದ್ದರು.

“ಅಮ್ಜದ್ ಅಣ್ಣ, ಮೊದ್ಲಿನಂಗೇ ಮಾಡ್ಕೊಡ್ರಿ. ಅದೇ ಚಲೋ ಇತ್ತು.”

“ಯಾವ್ದಮ್ಮ?”

“ಅದೇ, ಪಾಸ್‌ಪೋರ್ಟ್ ಅಳತಿದು. ಕಪ್ಪಂದು.”

ತನುಶ್ರೀಯ ಧ್ವನಿ. ಅಮ್ಜದ್‌ನ ಕುರ್ಚಿ ನನ್ನ ಕಡೆ ತಿರುಗಿದ್ದು ಕೇಳಿಸಿತು. ನಾನೇ ಎದ್ದು ಅವಳ ಹತ್ತಿರ ಹೋದೆ.

“ಅದ್ರಾಗ ಏನ್ ಚಲೋ ಐತೆ?” ಎಂದೆ.

“ಒಂದೇ ಸಲಕ್ಕೆ ಎಲ್ಲಾ ಕಾಣ್ತಿತ್ತಕ್ಕ. ದೊಡ್ಡದಿದ್ರ ಆ ಬಣ್ಣದ ಪಟ್ಟಿ ಎಲ್ಲೈತೆ ಅಂತ ತಲಿ ತಿರುಗ್ಸಿ ತಿರುಗ್ಸಿ ಹುಡುಕ್ಬೇಕು. ಬಿಳೀದು ಕಣ್ಣಿಗೆ ಹೊಡಿತೈತೆ.”

“ಎಲ್ರಿಗೂ ಹುಡುಕ್ಬೇಕಾಗ್ತೈತೇನು?”

“ಮತ್ತಿನ್ನೇನು? ಎಲ್ರೂ ಹುಡುಕೇ ಹುಡುಕ್ತಾರೆ” ಎಂದು ನಕ್ಕಳು. “ನೀ ಹುಡುಕಲ್ಲೇನು?”

ನಾನು ಎಡಗೈಯನ್ನು ಅವಳ ಕಿವಿಯ ಪಕ್ಕ ಹಿಡಿದು ಬೆರಳಾಡಿಸಿದೆ. ನನಗೆ ಹುಬ್ಬಳ್ಳಿಯಲ್ಲಿ ಮಾಡಿದ್ದನ್ನೇ ಮಾಡಿದೆ. ಮುಂದೆ ನೋಡು, ಬೆರಳು ಕಂಡಾಗ ಹೇಳು ಎಂದೆ. ಕೈ ಮುಂದೆ ತರುತ್ತಾ ಹೋದೆ. ಕಿವಿ ದಾಟಿತು, ಕೆನ್ನೆ ದಾಟಿತು. ಅವಳು ಮಾತಾಡಲಿಲ್ಲ. ಕಣ್ಣಿನ ಮೂಲೆ ದಾಟಿದ ಮೇಲೆ “ಹಾಂ, ಈಗ” ಎಂದಳು. ಅಮ್ಜದ್‌ನನ್ನು ಕರೆದು ಅವನಿಗೂ ಹಾಗೇ ಮಾಡಿದೆ. ಅವನು ಕಿವಿಯ ಹತ್ತಿರವೇ “ಕಾಣ್ತೈತೆ” ಎಂದ. ಇನ್ನೊಂದು ಸಲ ಮಾಡು ಎಂದಳು ತನುಶ್ರೀ. ಮಾಡಿದೆ. ಆಮೇಲೆ ಅವಳು ನಗಲಿಲ್ಲ.

ಅವಳಿಗೆ ಎಲ್ಲವನ್ನೂ ಹೇಳಿದೆ. ನನ್ನದು, ಎರಡು ಗೆರೆಯದು, ರಕ್ತದ್ದು. ನೀವು ಹೇಳಬೇಡ ಎಂದದ್ದನ್ನೂ ಹೇಳಿದೆ.

“ಹಂಗಾದ್ರ ಆ ಅಜ್ಜಿ ನೀನೇ ಏನು?” ಎಂದು ಕೇಳಿದಳು. ಹೊತ್ತು ಮುಳುಗುವ ಮೊದಲಿನ ಬಸ್ಸಿಗೆ ಹೋಗುತ್ತೇನೆಂದು ಎದ್ದಳು. ಅವಳು ಯಾವಾಗಲೂ ಅದೇ ಬಸ್ಸಿಗೆ ಹೋಗುವುದು ಯಾಕೆಂದು ನಾನೂ ಕೇಳಿರಲಿಲ್ಲ, ನೀವೂ ಕೇಳಿರಲಿಲ್ಲ.

ಮುಂದೆ: ಅವಳಿಗೆ ತಪಾಸಣೆ. ದಿನ ಗೊತ್ತು ಮಾಡಬೇಕು.

ಸ್ನೇಹಾ

*

ಹರಿಹರ
21 ಸೆಪ್ಟೆಂಬರ್ 2025

ಸ್ನೇಹಾ,

ಪತ್ರ ತಲುಪಿತು. ಅಮ್ಜದ್ ಮನೆಗೇ ತಂದುಕೊಟ್ಟ.

ನಿನ್ನೆ ತನುಶ್ರೀ ಬರುವ ಹೊತ್ತಿಗೆ ಬೀದಿಯ ತಿರುವಿನಲ್ಲಿ ನಿಂತಿದ್ದೆ. ಮಳೆ ಮೋಡಕ್ಕೆ ಬೇಗ ಕತ್ತಲಾಗಿತ್ತು. ಬಸ್ಸೂ ತಡ. ಅವಳು ಎಡಗೈಯನ್ನು ಕಾಂಪೌಂಡ್ ಗೋಡೆಗೆ ತಾಗಿಸಿಕೊಂಡು ನಡೆದು ಬಂದಳು. ಗೇಟುಗಳು ಬಂದಲ್ಲಿ ಕೈ ಗಾಳಿಯಲ್ಲಿ ನಿಲ್ಲುತ್ತಿತ್ತು, ಮತ್ತೆ ಗೋಡೆ ಸಿಕ್ಕಾಗ ಮುಂದಕ್ಕೆ ನಡೆಯುತ್ತಿದ್ದಳು. ನನ್ನ ಪಕ್ಕದಲ್ಲೇ ಹಾದುಹೋದಳು. ನಾನು ನಿಂತದ್ದು ಅವಳಿಗೆ ಕಾಣಲಿಲ್ಲ.

“ಗ್ವಾಡಿ ಸವರ್ಕೊಂತ ಯಾಕ ಬರ್ತೀಯೇ, ಅಂಗೈ ಎಲ್ಲಾ ಸುಣ್ಣ” ಎಂದು ನಿಮ್ಮಮ್ಮ ಅವಳು ಶಾಲೆಗೆ ಹೋಗುತ್ತಿದ್ದಾಗಿನಿಂದ ಬೈಯುತ್ತಾ ಬಂದಿದ್ದಾಳೆ. ನಿನ್ನೆಯೂ ಬೈದಳು. ತನುಶ್ರೀ ಕೈ ತೊಳೆದುಕೊಳ್ಳಲು ಹೋದಳು.

ಇಷ್ಟೇ.

ಅಪ್ಪಾಜಿ

*

ಹರಿಹರ
30 ಅಕ್ಟೋಬರ್ 2025

ಸ್ನೇಹಾ,

ಸಂತೋಷನ ರಕ್ತ ಪರೀಕ್ಷೆ ಆಗುವುದಿಲ್ಲ. ಆಗುವುದಿಲ್ಲ ಎಂದವನು ಕೊಟ್ಟೂರೇಶ. ಮೊನ್ನೆ ಅವನ ಅಂಗಡಿಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ನಿನ್ನ ವರದಿಯನ್ನೂ ತೋರಿಸಿದೆ.

ಅದಕ್ಕೆ ಮೊದಲು ನಿಮ್ಮಮ್ಮನಿಗೆ ಹೇಳಿದ್ದೆ. ಹಬ್ಬ ಮುಗಿಯಲಿ ಎಂದು ಕಾದಿದ್ದೆ. ಪಾಡ್ಯದ ಮರುದಿನ ದೀಪದ ಪಣತಿಗಳನ್ನು ತೊಳೆಯುತ್ತಾ ಕೂತಿದ್ದಳು. ಎರಡು ಗೆರೆಯದನ್ನು ಹೇಳುವಾಗ ನೆಲದ ಮೇಲೆ ಒದ್ದೆ ಬೆರಳಿನಿಂದ ಎಳೆದು ತೋರಿಸಿದೆ. ಆ ನೀರಿನ ಗೆರೆಗಳು ಆರುವವರೆಗೂ ಅವಳು ಅವನ್ನೇ ನೋಡಿದಳು. ಆಮೇಲೆ ನನ್ನನ್ನು ನೋಡಿ ಅಂದಳು:

“ನಾ ಏನ್ ಮಾಡಿದ್ದೆ ಮಾವ? ಕೊಟ್ರು, ಬಂದೆ.”

ಮದುವೆಗೆ ಮುಂಚೆ ಅವಳು ನನ್ನನ್ನು ಮಾವ ಎಂದೇ ಕರೆಯುತ್ತಿದ್ದಳು. ಮದುವೆಯಾದ ಮೇಲೆ ಅದೇ ಮೊದಲು.

ಕೊಟ್ಟೂರೇಶ ಸಿಟ್ಟಾಗುತ್ತಾನೆ, ಸಂಬಂಧ ಮುರಿಯುತ್ತಾನೆ ಎಂದುಕೊಂಡು ಹೋಗಿದ್ದೆ. ಅವನು ಹಾಗೆ ಮಾಡಲಿಲ್ಲ. ಅಂಗಡಿಯ ಅರ್ಧ ಷಟರ್ ಎಳೆದ. ಚಹಾ ತರಿಸಿದ. ಕಣ್ಣೊರೆಸಿಕೊಂಡ.

“ಹೊರಗಿನ ಹುಡುಗಿ ಆಗಿದ್ರ ಬ್ಯಾಡ ಅಂತಿದ್ದೆ ಮಾವ. ನಮ್ಮಕ್ಕನ ಮಗಳು. ನಾನೇ ಬಿಟ್ರ ಇನ್ಯಾರ್ ಕೈ ಹಿಡಿತಾರೆ ಆ ಕೂಸಿನ್ನ?”

“ಬಿಡು ಅಂತ ಯಾರೂ ಅನ್ನಾಕತ್ತಿಲ್ಲಪ್ಪ. ಸಂತೋಷನ ರಕ್ತ ಒಂದು ಕೊಡ್ಸು. ಮುಂದಿನ ಮಕ್ಕಳ ಸಲುವಾಗಿ.”

“ಯಾಕ?” ಅಂದ. ಅಲ್ಲಿ ಅವನ ಧ್ವನಿ ಬದಲಾಯಿತು. “ನಿಮ್ಮ ಹುಡುಗಿಗೆ ಹಿಂಗೈತೆ ಅಂದ್ರಿ, ನಾ ಒಂದು ಮಾತು ಕೇಳಿದ್ನೇನು? ನೀವ್ಯಾಕ ನನ್ನ ಮಗನ್ನ ಪರೀಕ್ಷೆಗೆ ನಿಲ್ಲಿಸ್ತೀರಿ? ರಕ್ತ ಕೆಟ್ಟೈತೆ ಅಂತ ಬಂತು ಅಂದ್ರ, ಏನ್ ಮಾಡ್ಬೇಕು ನಾವು? ಗೊತ್ತಿಲ್ದಂಗ ಇರ್ಲಿ ಬಿಡ್ರಿ. ಶಿವ ಇದ್ದಾನೆ.”

ಸಂತೋಷನೂ ಅಲ್ಲೇ ಇದ್ದ. ಅವನನ್ನು ನೇರವಾಗಿ ಕೇಳಿದೆ. “ನಾ ಗಾಡಿ ಓಡಿಸ್ತೀನಲ್ರಿ ಮಾವ, ಆಕಿಗೆ ಕತ್ಲಾಗ ಏನ್ ತೊಂದ್ರಿ?” ಅಂದ. ಒಳ್ಳೆಯ ಹುಡುಗ. ನಾನು ಕೇಳಿದ್ದು ಅದಲ್ಲ ಎಂದು ಅವನಿಗೆ ತಿಳಿಯಲಿಲ್ಲ. ತಿಳಿಯಿತೋ ಏನೋ.

ತನುಶ್ರೀಗೆ ಎಲ್ಲ ಹೇಳಿ, ಬೇಡವಾದರೆ ನಿಲ್ಲಿಸುತ್ತೇನೆ ಎಂದೆ. “ನಿಲ್ಸಿ ಏನ್ ಮಾಡ್ತೀರಿ ಅಪ್ಪಾಜಿ?” ಎಂದಳು.

ಮದುವೆಗೆ ಮುಂಚೆ ಗೊತ್ತಿರಲಿ ಎಂದು ನೀನು ಬರೆದಿದ್ದೆ. ಈಗ ಎಲ್ಲರಿಗೂ ಗೊತ್ತಿದೆ. ಏನೂ ಬದಲಾಗಿಲ್ಲ.

ಇನ್ನು ನೀನು ಮನೆಗೆ ಬರಬಹುದು.

ಅಪ್ಪಾಜಿ

*

ದಾವಣಗೆರೆ
5 ನವೆಂಬರ್ 2025

ಅಪ್ಪಾಜಿ,

ತನುಶ್ರೀಯ ಲ್ಯಾಪ್‌ಟಾಪಿಗೆ ಅವಳದೇ ಸ್ಟಾರ್ಟ್‌ಅಪ್ ಫೈಲು ಹಾಕಿಕೊಟ್ಟಿದ್ದೇನೆ. ಸರಿಯಾಗಿ ತೆರೆಯುತ್ತಿದೆ ಎಂದು ಅವಳೇ ಹೇಳಿದಳು.

ನನ್ನ ಗೈಡ್ ಮೇಡಂಗೆ ಕಣ್ಣಿನ ವಿಷಯ ತಿಳಿಸಿದೆ. ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತರು. ಪ್ರಬಂಧಕ್ಕೆ ಮಾತ್ರ ಬಿಳಿ ಹಿನ್ನೆಲೆ, ಕಾಮನಬಿಲ್ಲಿನ ಬಣ್ಣವೇ ಬೇಕಂತೆ, ವಿಭಾಗದಲ್ಲಿ ಎಲ್ಲರದೂ ಹಾಗೇ ಇದೆ. ಅಮ್ಜದ್ ನನ್ನ ಹೊಸ ಖಾತೆಯ ಫೈಲನ್ನು ಪಕ್ಕಕ್ಕಿಟ್ಟು ಎಲ್ಲ ಚಿತ್ರಗಳನ್ನೂ ಮತ್ತೆ ತೆಗೆಯುತ್ತಿದ್ದಾನೆ. “ಎಡಗಡೆ ಕಂಬದ ಹಿಂದೆ ನೀಲಿ, ಅದರ ಹಿಂದೆ ಒಂದು ಸುಳಿ” ಎಂದು ಓದಿ ಹೇಳುತ್ತಾನೆ. ಸರಿ ಎಂದು ನಾನು ಹೇಳುತ್ತೇನೆ. ಪೂರ್ತಿ ಕಾಣದ ಚಿತ್ರಗಳ ಕೆಳಗೆ ನನ್ನ ಹೆಸರಿರುತ್ತದೆ.

ತನುಶ್ರೀಯ ಫೈಲಿನ ಬಗ್ಗೆ ಹೇಳಬೇಕು. ಅವಳ ಕಿಂಡಿ ನನ್ನದಕ್ಕಿಂತ ಅಗಲ ಇದೆ. ಹಾಗಾಗಿ ಈಗ ತೆರೆಯುವ ಕಿಟಕಿ ನಾನು ಜುಲೈನಲ್ಲಿ ಇಟ್ಟುಕೊಂಡದ್ದಕ್ಕಿಂತ ದೊಡ್ಡದು. ಅದರ ಕೆಳಗೆ ಇನ್ನೂ ಕೆಲವು ಸಾಲು ಬರೆದಿಟ್ಟಿದ್ದೇನೆ. ಸಾಲಿನ ಮೊದಲಿಗೆ ಒಂದು ಗುರುತು ಹಾಕಿದರೆ ಪ್ರೋಗ್ರಾಮು ಆ ಸಾಲನ್ನು ಓದದೆ ಬಿಟ್ಟು ಮುಂದಕ್ಕೆ ಹೋಗುತ್ತದೆ. ಗುರುತು ಅಳಿಸಿದ ದಿನ ಓದಿಕೊಳ್ಳುತ್ತದೆ. ಮೊದಲ ಸಾಲು ಅಂಗೈಯಗಲದ್ದು. ಅದರ ಕೆಳಗಿನದು ಇನ್ನೂ ಚಿಕ್ಕದು, ನನ್ನ ಈಗಿನದು. ಅದರ ಕೆಳಗೆ ಮತ್ತೂ ಎರಡು ಇವೆ. ಅವುಗಳ ಅಳತೆ ನನಗೂ ಗೊತ್ತಿಲ್ಲ, ಅಂದಾಜಿನ ಮೇಲೆ ಬರೆದೆ.

“ಇವೆಲ್ಲ ಈಗ್ಲೇ ಯಾಕಕ್ಕ?” ಎಂದು ಕೇಳಿದಳು.

“ಆಮ್ಯಾಲೆ ಬರಿಯೋಕೆ ನನಗ ಕಾಣೋದಿಲ್ಲ” ಎಂದೆ.

ಕೊನೆಯ ಸಾಲಿನವರೆಗೂ ಜಾರಿಸಿ ನೋಡಿದಳು. ಅಲ್ಲಿಂದ ಕೆಳಗೆ ಏನೂ ಇಲ್ಲದಿರುವುದನ್ನೂ ನೋಡಿದಳು. ಫೈಲಿನ ಒಂದು ನಕಲು ಬೇರೆ ಕಡೆಯೂ ಇಡು ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ, ಯಾರಿಗಾಗಿ ಎಂದೂ ಕೇಳಲಿಲ್ಲ. ಇಟ್ಟಿದ್ದೇನೆ.

ಅಮ್ಮನಿಗೆ ಹೇಳಿ, ಗೋಡೆಯ ಸುಣ್ಣಕ್ಕೆ ಅವಳನ್ನು ಬೈಯುವುದು ಬೇಡ.

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಹರಿಹರದ ಮನೆಯಲ್ಲಿ ಒಪ್ಪಿಗೆ ಶಾಸ್ತ್ರ. ಕೊಟ್ಟೂರೇಶ ಮಾವನ ಕಾರು ಒಂಬತ್ತಕ್ಕೆ ನನ್ನ ರೂಮಿನ ಮುಂದೆ ಬರುತ್ತದೆ. ಸೋಮವಾರ ಹುಬ್ಬಳ್ಳಿಯಲ್ಲಿ ತನುಶ್ರೀಯ ಕಣ್ಣಿನ ತಪಾಸಣೆ.

ಸ್ನೇಹಾ